ಅಲಮಾರು

ಅಚ್ಚಗನ್ನಡದ ಹಾಗೆ ಕೇಳಿಸುವ ಈ ಪದ ಪೋರ್ಚುಗೀಸರ ‘ಅರ್ಮಾರಿಯೊ’. ಅದರ ಬೇರು ಲ್ಯಾಟಿನ್ನಿನ ‘ಅರ್ಮಾರಿಯುಂ’, ಅಂದರೆ ಆಯುಧ, ಸಲಕರಣೆ ಇಡುವ ಜಾಗ. ನಮ್ಮಲ್ಲಿ ಆ ಜಾಗಕ್ಕೆ ಸೀರೆ, ಕಾಗದಪತ್ರ, ಉಪ್ಪಿನಕಾಯಿ ಭರಣಿ ಬಂದವು. ‘ಬೀರು’ವಿನ ಹುಟ್ಟು ಬೇರೆ, ಅದು ಫ್ರೆಂಚಿನ ‘ಬ್ಯೂರೊ’.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಹಳೇ ಮನೆ ಕೆಡವಿದಾಗ ಹೊರಬೀಳುವ ತೇಗದ ಅಲಮಾರನ್ನು ಗುಜರಿಯವರು ಬರೀ ಮರದ ಲೆಕ್ಕದಲ್ಲಿ ಕೇಳುತ್ತಾರೆ. ಕೊಡುವ ಮೊದಲು ಒಂದು ಸ್ಕ್ರೂ ಬಿಚ್ಚಿ ನೋಡಿ. ಮೊನೆಯಿಲ್ಲದ ಮೊಂಡು ಸ್ಕ್ರೂ ಇದ್ದರೆ ಅದು ಬಹುಶಃ 19ನೇ ಶತಮಾನದ ನಡುಭಾಗಕ್ಕಿಂತ ಹಿಂದಿನದು. ವಯಸ್ಸು ತಿಳಿಯಲು ಕೈಗರಗಸದ ಗೀರನ್ನು ಮಾತ್ರ ನೆಚ್ಚಬೇಡಿ; ನಮ್ಮ ಬಡಗಿಗಳು ಮೊನ್ನೆಮೊನ್ನೆವರೆಗೂ ಕೈಯಲ್ಲೇ ಕೊಯ್ದವರು. ಹೊಳಪಿಗೆಂದು ಹಳೇ ಬಣ್ಣ ಕೆರೆಸಿ ಹೊಸ ಪಾಲಿಶ್ ಹೊಡೆಸಿದರೆ ಬೆಲೆ ಇಳಿಯುತ್ತದೆ.