ಎಣ್ಣೆನಗರಿ ಮತ್ತು ಸೀಮೆಯ ಎಣ್ಣೆ: ಚಳ್ಳಕೆರೆ–ಕುದಾಪುರ ಭಾಗದ ಸ್ವಾವಲಂಬನೆಯ ಚರಿತ್ರೆ

'ಎಣ್ಣೆ' ಎಂಬ ಮಾತು ಎಳ್ಳಿನ ನೆಯ್ ಎಂಬುದರಿಂದ ಬಂದದ್ದು. ಹೊಲದಲ್ಲಿ ಹುಟ್ಟಿದ ಈ ಮಾತಿಗೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ 'ಸೀಮೆ' ಬಂದು ಅಂಟಿಕೊಂಡಿತು. ಅಮೆರಿಕ, ರಷ್ಯಾಗಳಿಂದ ಹಡಗೇರಿ ಬಂದ ದೀಪದೆಣ್ಣೆಯನ್ನು ನಮ್ಮ ಜನ ಸೀಮೆಎಣ್ಣೆ ಎಂದರು. ಹರಳೆಣ್ಣೆ, ಹೊಂಗೆಎಣ್ಣೆಗಳ ಹಣತೆ ಹಿಂದೆ ಸರಿದು ಬುಡ್ಡಿದೀಪ ಮುಂದೆ ಬಂತು. ಪರದೇಶದ ಇಂಧನದ ಹಂಗು ನಮ್ಮ ಭಾಷೆಯಲ್ಲಿ ಹೆಸರಾಗಿಯೇ ಉಳಿದಿದೆ. ದೇಶದೊಳಗಿನ ಉತ್ಪಾದನೆ ಏರಿದರೆ ಈ ಹಂಗು ತಾನಾಗಿ ಇಳಿಯುತ್ತದೆ ಎಂಬ ನಂಬಿಕೆ ಪೆಟ್ರೋಲಿಯಂ ಚರ್ಚೆಯಲ್ಲೂ ಇದೆ, ಅಡುಗೆ ಎಣ್ಣೆಯ ಚರ್ಚೆಯಲ್ಲೂ ಇದೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದನ್ನು ಶೇಂಗಾ ಎಣ್ಣೆಯಿಂದಲೇ ಓಡಿಸಿ ತೋರಿಸಿದ್ದರು. ಎರಡು ಎಣ್ಣೆಗಳ ನಡುವಿನ ಗೋಡೆ ನಾವಂದುಕೊಂಡಷ್ಟು ದಪ್ಪವೇನಲ್ಲ. ಶೇಂಗಾ ಎಣ್ಣೆಯಿಂದಲೇ ಹೆಸರಾದ ಚಳ್ಳಕೆರೆಯ ಚರಿತ್ರೆಯನ್ನು ನೋಡಿದರೆ, ಉತ್ಪಾದನೆ ಏರಿದರೆ ಹಂಗು ಇಳಿಯುತ್ತದೆಂಬ ಆ ನಂಬಿಕೆ ನಿಲ್ಲುವುದಿಲ್ಲ. ಉತ್ಪಾದನೆ ಏರುವುದು ಒಂದು, ಏರಿದ್ದು ಉಳಿಯುವುದು ಇನ್ನೊಂದು. ಉಳಿಯಬೇಕಾದರೆ ಬೆಲೆಯ ಆಸರೆ ಬೇಕು, ನೆಲದ ಕಸುವು ಬೇಕು.

ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರುಗಳೂ ಸೇರಿವೆ. ಕೆಂಪು ಮಣ್ಣಿನ ಮಳೆಯಾಶ್ರಿತ ಹೊಲಕ್ಕೆ ಶೇಂಗಾ ಒಗ್ಗಿದಂತೆ ಬೇರೆ ಬೆಳೆ ಒಗ್ಗಲಿಲ್ಲ. ತಮಿಳುನಾಡಿನ ತಿಂಡಿವನಂನಿಂದ 1940ರಲ್ಲಿ ಬಂದ ಟಿಎಂವಿ-2 ತಳಿ ದಶಕಗಳ ಕಾಲ ಇಲ್ಲಿನ ಹೊಲಗಳನ್ನು ಆಳಿತು. ಎತ್ತಿನ ಗಾಣದ ಜಾಗಕ್ಕೆ ಎಕ್ಸ್‌ಪೆಲ್ಲರ್ ಬಂತು. ಮಂಡಿಯಲ್ಲಿ ಹಿಡಿ ಕಾಯಿ ಎತ್ತಿ, ಕಿವಿಯ ಹತ್ತಿರ ಅಲುಗಿಸಿ, ಒಡೆದು, ಬೀಜ ತೂಗಿ ದರ ಕಟ್ಟುವ ವ್ಯಾಪಾರ ಬೆಳೆದಂತೆ ಊರು 'ಎಣ್ಣೆನಗರಿ' ಎನಿಸಿತು, 'ಎರಡನೇ ಬೊಂಬಾಯಿ' ಎಂದೂ ಕರೆಸಿಕೊಂಡಿತು. ಈ ಬೆಳೆಯಲ್ಲಿ ಕಳೆದುಹೋಗುವುದು ಏನೂ ಇರಲಿಲ್ಲ: ಎಣ್ಣೆ ಮನೆಗೆ, ಹಿಂಡಿ ದನಕ್ಕೆ, ಒಣಗಿದ ಬಳ್ಳಿ ಮೇವಿಗೆ, ಸಿಪ್ಪೆ ಒಲೆಗೆ.

1980ರ ದಶಕದಲ್ಲಿ ಸರ್ಕಾರ ಈ ಬೆಳೆಯ ಬೆನ್ನಿಗೆ ನಿಂತಿತು. 1984ರಲ್ಲಿ ಕರ್ನಾಟಕದ ಎಣ್ಣೆಬೀಜ ಬೆಳೆಗಾರರ ಸಹಕಾರ ಮಹಾಮಂಡಳ ಹುಟ್ಟಿತು. 1986ರಲ್ಲಿ ಕೇಂದ್ರದ ಎಣ್ಣೆಬೀಜ ತಂತ್ರಜ್ಞಾನ ಮಿಷನ್ ಶುರುವಾಯಿತು. 1985–86ರಲ್ಲಿ ಸುಮಾರು 108 ಲಕ್ಷ ಟನ್ ಇದ್ದ ದೇಶದ ಎಣ್ಣೆಬೀಜ ಉತ್ಪಾದನೆ ಹತ್ತೇ ವರ್ಷದಲ್ಲಿ ಇಮ್ಮಡಿಯಾಯಿತು. 1990ರ ದಶಕದ ಮೊದಲ ವರ್ಷಗಳಲ್ಲಿ ಭಾರತ ತನಗೆ ಬೇಕಾದ ಎಣ್ಣೆಯನ್ನು ಬಹುಪಾಲು ತಾನೇ ತೆಗೆಯುತ್ತಿತ್ತು. ಆಮೇಲೆ 1994ರಲ್ಲಿ ಪಾಮೊಲಿನ್ ಎಂಬ ತಾಳೆಎಣ್ಣೆಯ ಆಮದನ್ನು ಶೇ 65ರ ಸುಂಕದೊಂದಿಗೆ ಮುಕ್ತಗೊಳಿಸಲಾಯಿತು. 1998ರ ಹೊತ್ತಿಗೆ ಸುಂಕ ಶೇ 15ಕ್ಕೆ ಇಳಿದಿತ್ತು. ಇಂದು ದೇಶದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ವರ್ಷಕ್ಕೆ ಸುಮಾರು 160 ಲಕ್ಷ ಟನ್. ಗಮನಿಸಬೇಕಾದದ್ದು ಇದು: ಆಮದು ಏರಿದ ಈ ಅವಧಿಯಲ್ಲಿ ದೇಶದ ಎಣ್ಣೆಬೀಜ ಉತ್ಪಾದನೆ ಒಟ್ಟಾರೆ ಕುಸಿಯಲಿಲ್ಲ, ಏರಿತು. ಎರಡೂ ಕೂಡಿಯೇ ಏರಿದವು. ಅಮೆರಿಕದ ಕಥೆಯೂ ಬೇರೆಯಲ್ಲ. ಶೇಲ್ ತೈಲದಿಂದ ಜಗತ್ತಿನ ಅತಿ ದೊಡ್ಡ ಉತ್ಪಾದಕನಾದ ಮೇಲೂ ಆ ದೇಶ ದಿನಕ್ಕೆ 60 ಲಕ್ಷ ಬ್ಯಾರೆಲ್‌ಗೂ ಹೆಚ್ಚು ಕಚ್ಚಾ ತೈಲ ತರಿಸಿಕೊಳ್ಳುತ್ತದೆ, ಅದರ ಅನೇಕ ಸಂಸ್ಕರಣಾಗಾರಗಳು ಹೊರಗಿನ ಭಾರ ತೈಲಕ್ಕೆಂದೇ ಕಟ್ಟಿದವು.

ಆಮದು ಏರಿದ ಈ ಕಾಲದಲ್ಲೇ ಚಳ್ಳಕೆರೆಯ ಎಣ್ಣೆಗಿರಣಿಗಳು ಸೊರಗಿದವು. ಅದಕ್ಕೆ ಆಮದಲ್ಲ, ಬರಗಾಲ ಕಾರಣ ಎಂಬ ಆಕ್ಷೇಪವಿದೆ. ಬರ, ರೋಗ, ಬತ್ತಿದ ಕೊಳವೆಬಾವಿ ಎಲ್ಲವೂ ನಿಜ. ಆದರೆ ಈ ಭಾಗಕ್ಕೆ ಬರ ಹೊಸದಲ್ಲ. ಗಿರಣಿಗಳು ಬೆಳೆದದ್ದೂ ಇದೇ ಮಳೆಯಲ್ಲಿ. ಮೊದಲು ಮಳೆ ಕೈಕೊಟ್ಟು ಕಾಯಿ ಕಡಿಮೆಯಾದ ವರ್ಷ ಬೆಲೆ ಏರುತ್ತಿತ್ತು, ಮೂರು ಚೀಲ ಬೆಳೆದವನಿಗೆ ಐದು ಚೀಲದ ದುಡ್ಡಲ್ಲದಿದ್ದರೂ ನಾಲ್ಕರ ದುಡ್ಡಾದರೂ ಕೈಸೇರುವ ಸಾಧ್ಯತೆ ಇತ್ತು. ಮಳೆಯ ನಷ್ಟವನ್ನು ಬೆಲೆ ಅಷ್ಟಿಷ್ಟು ತುಂಬಿಕೊಡುವ ಈ ಕೊಂಡಿಯನ್ನು ಆಮದು ಕಡಿದುಹಾಕಿತು. ಈಗ ಬೆಲೆ ನಿಗದಿಯಾಗುವುದು ಮಲೇಷ್ಯಾ, ಇಂಡೊನೇಷ್ಯಾಗಳಲ್ಲಿ. ಬರ ಮಾತ್ರ ಇಲ್ಲಿನದು. ಸುಂಕವಾದರೂ ಒಂದೆಡೆ ನಿಲ್ಲುತ್ತದೆಯೇ? 2008ರಲ್ಲಿ ಕಚ್ಚಾ ಖಾದ್ಯತೈಲಗಳ ಸುಂಕ ಸೊನ್ನೆಗೆ ಬಂತು. 2024ರ ಸೆಪ್ಟೆಂಬರ್‌ನಲ್ಲಿ ಶೇ 20ಕ್ಕೆ ಏರಿದ ಮೂಲಸುಂಕ 2025ರ ಮೇ ಕೊನೆಯಲ್ಲಿ ಶೇ 10ಕ್ಕೆ ಇಳಿಯಿತು, ಅದೂ ರೈತ ಬಿತ್ತನೆ ಬೀಜ ಸುಲಿಯಲು ಕೂರುವ ಹೊತ್ತಿಗೆ.

ಅಗ್ಗದ ಎಣ್ಣೆ ಬಡವರ ಬಾಣಲೆಗೆ ಬಂತಲ್ಲ ಎಂಬ ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು, ತಳ್ಳಿಹಾಕುವಂಥದ್ದಲ್ಲ. ತಲಾ ಬಳಕೆ ಮೂರು ದಶಕಗಳಲ್ಲಿ ಸುಮಾರು ಮೂರು ಪಟ್ಟಾಗಿ ವರ್ಷಕ್ಕೆ 19 ಕಿಲೋ ದಾಟಿದೆ. ಆದರೆ ಪೂರೈಕೆ ಒಂದೆರಡು ದೇಶಗಳ ಕೈಗೆ ಹೋದಾಗ ಆ ಅಗ್ಗವೂ ಗಟ್ಟಿಯಲ್ಲ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೊನೇಷ್ಯಾ ತಾಳೆಎಣ್ಣೆ ರಫ್ತನ್ನೇ ನಿಲ್ಲಿಸಿದಾಗ ಅದು ಎಲ್ಲರ ಅಡುಗೆಮನೆಗೂ ತಿಳಿಯಿತು. ತಾಳೆಯನ್ನು ಇಲ್ಲೇ ಬೆಳೆಯೋಣವೆಂದು 2021ರಲ್ಲಿ 11,040 ಕೋಟಿ ರೂಪಾಯಿಯ ಯೋಜನೆ ಬಂದಿದೆ. ಬಾಯಾರಿದ ಈ ನೆಲದಲ್ಲಿ ನೀರು ಬೇಡುವ ಆ ಮರಕ್ಕೆ ಜಾಗವಿಲ್ಲ.

ಇನ್ನು ನೆಲದ ಕಸುವು. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ, ವರವುಗಳಲ್ಲಿ ಅಮೃತಮಹಲ್ ದನಗಳ ಮೇವಿಗೆಂದು ಬಿಟ್ಟಿದ್ದ ಹುಲ್ಲುಗಾವಲುಗಳನ್ನು, ಅಂದರೆ ಕಾವಲುಗಳನ್ನು, 2009ರ ನಂತರ ರಾಷ್ಟ್ರೀಯ ಸಂಸ್ಥೆಗಳಿಗೆ ಹಂಚಲಾಯಿತು: ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1,500 ಎಕರೆ, ಯುರೇನಿಯಂ ಸಂವರ್ಧನೆಗಾಗಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಸುಮಾರು 1,800 ಎಕರೆ, ರಕ್ಷಣಾ ಸಂಶೋಧನೆಗೆ 4,000 ಎಕರೆಗೂ ಹೆಚ್ಚು, ಜೊತೆಗೆ ಇಸ್ರೋಗೂ ಪಾಲು. ಈ ಹಂಚಿಕೆಯ ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತನಕ ಹೋಗಿ 2014ರಲ್ಲಿ ತೀರ್ಪು ಬಂತು. ದೇಶಕ್ಕೆ ಅಣುಶಕ್ತಿ ಬೇಕು, ಸೌರಶಕ್ತಿಯ ಸಂಶೋಧನೆ ಬೇಕು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಈ ಕಾವಲುಗಳು ಖಾಲಿ ಬಿದ್ದ ಜಾಗವಾಗಿರಲಿಲ್ಲ. ಇಲ್ಲಿ ಮೇಯ್ದ ಕುರಿಗಳ ಮಂದೆಯನ್ನು ಬೇಸಿಗೆಯಲ್ಲಿ ಹೊಲದಲ್ಲಿ ರಾತ್ರಿ ತರುಬಿಸಿ, ಬೆಳಗಾಗುವಷ್ಟರಲ್ಲಿ ಹಿಕ್ಕೆ, ಗಂಜಲಗಳಿಂದ ಮಣ್ಣನ್ನು ಬಿತ್ತನೆಗೆ ಅಣಿಗೊಳಿಸುವುದು ಈ ಸೀಮೆಯ ಬೇಸಾಯದ ಪದ್ಧತಿ. ಮೇವಿನ ನೆಲ ಕುಗ್ಗಿದರೆ ಮಂದೆ ಕುಗ್ಗುತ್ತದೆ, ಮಂದೆಯ ಜಾಗಕ್ಕೆ ಗೊಬ್ಬರದ ಚೀಲ ಬರುತ್ತದೆ. ಯೂರಿಯಾ ಮಾಡುವ ಅನಿಲದಲ್ಲಿ ದೊಡ್ಡ ಪಾಲು ಹಡಗಿನಲ್ಲಿ ಬರುವಂಥದ್ದು. ಡಿಎಪಿಗೆ ಬೇಕಾದ ರಂಜಕವೂ ಬಹುಮಟ್ಟಿಗೆ ಹೊರಗಿನದೇ. ಕುದಾಪುರದ ಕಾವಲಿನಿಂದ ದೇಶಕ್ಕೆ ಸಿಗುವ ಶಕ್ತಿಯನ್ನು ಕೂಡುವಾಗ, ಬೇಲಿಯಾಚೆಯ ಶೇಂಗಾ ಹೊಲಕ್ಕೆ ಬಂದಿಳಿಯುವ ಆ ಚೀಲವನ್ನೂ ಕಳೆಯಬೇಕಾಗುತ್ತದೆ.