ಸುಶಿಯ ಅಕ್ಕಿ, ಸಾತನೂರಿನ ರಾಗಿ

‘ನಿಮ್ಮ ಸುಶಿ ನೀವೇ ಕಟ್ಟಿಕೊಳ್ಳಿ’ ಅನ್ನುವ ಹೋಟೆಲುಗಳಲ್ಲಿ ಮೊದಲು ಕೈಗೆ ಬರೋದು ಒಂದು ಚೀಟಿ, ಇಲ್ಲಾ ಒಂದು ಸ್ಕ್ರೀನ್. ಅನ್ನ ಬಿಳಿಯದೋ, ಕೆಂಪೋ? ಸುತ್ತೋಕೆ ಕಡಲಪಾಚಿಯ ಹಾಳೆಯೋ, ಸೋಯಾ ಹಾಳೆಯೋ? ಒಳಗೆ ಸಾಲ್ಮನ್ನೋ, ಸೀಗಡಿಯೋ, ಪನೀರೋ? ಟಿಕ್ ಹಾಕಿ ಕೊಟ್ಟರೆ ಸ್ವಲ್ಪ ಹೊತ್ತಿಗೆ ಸುರುಳಿ ಬರುತ್ತೆ. ಅಷ್ಟರಲ್ಲಿ ಟೇಬಲ್ಲಿನಲ್ಲಿ ಯಾರಾದರೂ ಒಬ್ಬರು ಹೇಳೇ ಹೇಳ್ತಾರೆ: ಇದು ಅಸಲಿ ಸುಶಿ ಅಲ್ಲ.

ಸರಿ, ಹಾಗಾದ್ರೆ ಅಸಲಿ ಯಾವುದು? ಹುಡುಕುತ್ತಾ ಹೋದರೆ ಮೊದಲು ಸಿಗೋದು ಹಸಿ ಮೀನಲ್ಲ, ಹುಳಿ. ‘ಸುಶಿ’ ಅನ್ನೋ ಮಾತಿನ ಮೂಲ ಅರ್ಥವೇ ಹುಳಿ. ಬರೀ ಹಸಿ ಮೀನಿನ ತುಂಡಿಗೆ ಜಪಾನಿಗರು ಕೊಟ್ಟಿರೋ ಹೆಸರು ಬೇರೆ, ಸಶಿಮಿ. ಸುಶಿ ಶುರುವಾಗಿದ್ದು ಮೀನು ಕೆಡದಂತೆ ಇಡುವ ಉಪಾಯವಾಗಿ. ಭತ್ತ ಬೆಳೆಯುವ ಆಗ್ನೇಯ ಏಷ್ಯಾದ ಹಳ್ಳಿಗಳಲ್ಲಿ ಹುಟ್ಟಿ ಜಪಾನಿಗೆ ಬಂದ ಉಪಾಯ ಅದು ಅಂತ ವಿದ್ವಾಂಸರ ಅಂದಾಜು. ಉಪ್ಪು ಹಚ್ಚಿದ ಮೀನನ್ನು ಬೆಂದ ಅನ್ನದಲ್ಲಿ ಹುದುಗಿಸಿ, ಮೇಲೆ ಕಲ್ಲು ಹೇರಿ ತಿಂಗಳುಗಟ್ಟಲೆ ಬಿಡುತ್ತಿದ್ದರು. ಅನ್ನ ಹುದುಗು ಬಂದು ಹುಳಿಯಾಗುತ್ತಿತ್ತು, ಆ ಹುಳಿಯಲ್ಲಿ ಮೀನು ಉಳಿಯುತ್ತಿತ್ತು. ತಿನ್ನುವಾಗ ಮೀನು ತಟ್ಟೆಗೆ, ಅನ್ನ ತಿಪ್ಪೆಗೆ. ಬಿವಾ ಸರೋವರದ ಸುತ್ತ ‘ಫುನಾಝುಶಿ’ ಅಂತ ಈಗಲೂ ಹೀಗೇ ಮಾಡ್ತಾರೆ.

ಅನ್ನ ತಿಪ್ಪೆಗೆ ಅಂದ ಕೂಡಲೇ ನಮ್ಮ ಸಾತನೂರು ಕಡೆಯ ಅಜ್ಜಿಯಂದಿರು ಎದ್ದು ನಿಂತು ಬಯ್ಯುತ್ತಾರೆ. ಕನಕಪುರ ಸೀಮೆಯ ಒಣಭೂಮಿಯಲ್ಲಿ ದಿನದ ಊಟ ಅಂದರೆ ಹಿಟ್ಟು, ಅಂದರೆ ನೀವು ಮುದ್ದೆ ಅನ್ನೋದು. ಜೊತೆಗೆ ಉಪ್ಸಾರು, ಇಲ್ಲಾ ಬಸ್ಸಾರು. ಅನ್ನ ಏನಿದ್ದರೂ ಹಬ್ಬಕ್ಕೆ, ನೆಂಟರಿಗೆ, ಕಾಯಿಲೆಯವರಿಗೆ. ‘ಅವರ ಮನೇಲಿ ಎರಡು ಹೊತ್ತೂ ಅನ್ನ’ ಅಂದರೆ ಅದು ಊಟದ ಮಾತಲ್ಲ, ಅಂತಸ್ತಿನ ಮಾತು.

ಈ ಅಂತಸ್ತಿನ ಜಗಳ ಕನ್ನಡಕ್ಕೆ ಹಳೇದು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿ ಮತ್ತು ಭತ್ತ ರಾಮನ ಎದುರೇ ಜಗಳಕ್ಕೆ ನಿಲ್ಲುತ್ತವೆ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತೆ. ಹೊರಗೆ ತೆಗೆದಾಗ ಭತ್ತ ಸೊರಗಿದೆ, ರಾಗಿ ಹಾಗೇ ಇದೆ. ಗೆದ್ದದ್ದು ರಾಗಿ. ಇದು ಬರೀ ಕವಿಕಲ್ಪನೆ ಅಲ್ಲ ಅನ್ನೋದು ಹಗೇವು ಕಂಡವರಿಗೆ ಗೊತ್ತು. ನೆಲದೊಳಗಿನ ಆ ಕಣಜದಲ್ಲಿ ರಾಗಿಯನ್ನು ವರ್ಷಗಟ್ಟಲೆ ಇಟ್ಟು, ಬರ ಬಂದಾಗ ತೆಗೆದು ಉಣ್ಣುತ್ತಿದ್ದರು.

ಇಲ್ಲಿ ಒಂದು ತಮಾಷೆ ನೋಡಿ. ಕನಕದಾಸರ ಭತ್ತ ಸೋತದ್ದು ಉಳಿಯಲಾರದ್ದಕ್ಕೆ. ಜಪಾನಿನ ಅನ್ನ ಗೆದ್ದದ್ದು ತಾನು ಹುಳಿಯಾಗಿ ಮೀನನ್ನು ಉಳಿಸಿದ್ದಕ್ಕೆ. ಒಂದು ಕಡೆ ದೋಷ ಆದದ್ದು ಇನ್ನೊಂದು ಕಡೆ ಕಸುಬು.

ಆಮೇಲೆ ಸುಶಿಯ ಚರಿತ್ರೆ ಎಲ್ಲಾ ಅವಸರದ ಚರಿತ್ರೆಯೇ. ತಿಂಗಳುಗಟ್ಟಲೆ ಕಾಯಲಾರದೆ ಕೆಲವೇ ವಾರಗಳಿಗೆ ತೆಗೆದು, ಎಸೆಯುತ್ತಿದ್ದ ಅನ್ನವನ್ನೂ ಮೀನಿನ ಜೊತೆ ತಿನ್ನೋಕೆ ಶುರು ಮಾಡಿದರು. ಅದಕ್ಕೂ ಪುರಸೊತ್ತಿಲ್ಲದಾಗ ಅನ್ನಕ್ಕೆ ವಿನೆಗರ್ ಬೆರೆಸಿ ಹುಳಿಯನ್ನು ಹೊರಗಿನಿಂದಲೇ ತಂದರು. 1804ರಲ್ಲಿ ಹಂದಾ ಎಂಬ ಊರಲ್ಲಿ ನಕಾನೊ ಮತಝೇಮೊನ್ ಎಂಬಾತ, ಸಾಕೆ ಮದ್ಯ ಸೋಸಿ ಉಳಿದ ಗಸಿಯಿಂದ ವಿನೆಗರ್ ಮಾಡತೊಡಗಿದ. ಆ ವಿನೆಗರ್ ಎಡೊಗೆ, ಅಂದರೆ ಇವತ್ತಿನ ಟೋಕಿಯೋಗೆ ಹೋಯಿತು. 1820ರ ದಶಕದಲ್ಲಿ ಅಲ್ಲಿ ಹನಾಯಾ ಯೊಹೇ ಎಂಬಾತ ಅನ್ನದ ಉಂಡೆಯ ಮೇಲೆ ಮೀನಿನ ತುಂಡಿಟ್ಟು ಒತ್ತಿಕೊಡುವ ಸುಶಿಗೆ ಹೆಸರಾದ.

ಎಡೊ ಆಗ ಹತ್ತು ಲಕ್ಷ ಜನರ ಊರು. ಹಳ್ಳಿ ಬಿಟ್ಟು ಬಂದ ಬಡಗಿಗಳು, ಕೂಲಿಗಳು, ಮನೆ ಮಾಡದ ಗಂಡಸರು ತುಂಬಿದ್ದರು. ಅವರಿಗಾಗಿ ಬೀದಿ ಬದಿ ಗಾಡಿಗಳಲ್ಲಿ ಸುಶಿ. ಉಂಡೆಗಳು ಈಗಿನದಕ್ಕಿಂತ ಎರಡು ಮೂರು ಪಟ್ಟು ದೊಡ್ಡವು. ನಿಂತು, ಕೈಯಲ್ಲಿ ತಿಂದು, ಕೆಲಸಕ್ಕೆ ನಡೆಯೋದು. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ರೂಮು ಹುಡುಕಿದವರಿಗೆ ಈ ಚಿತ್ರ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ‘ಅಸಲಿ’ ಅನ್ನೋ ಮಾತನ್ನ ಸ್ವಲ್ಪ ಹುಷಾರಾಗಿ ಬಳಸಬೇಕು. ಇವತ್ತು ಚಿನ್ನದ ಬೆಲೆಯ ಟ್ಯೂನಾ ಕೊಬ್ಬಿನ ಭಾಗವನ್ನು ಎಡೊದವರು ಕೀಳು ಅಂತ ಬಿಸಾಡುತ್ತಿದ್ದರು. ಸುತ್ತುವ ನೋರಿ ಹಾಳೆಯ ಪಾಚಿ ಹೇಗೆ ಹುಟ್ಟುತ್ತೆ ಅಂತ ಜಪಾನಿನಲ್ಲೇ ಗೊತ್ತಿರಲಿಲ್ಲ. 1949ರಲ್ಲಿ ಕ್ಯಾಥ್ಲೀನ್ ಡ್ರೂ ಎಂಬ ಇಂಗ್ಲೆಂಡಿನ ವಿಜ್ಞಾನಿ ಅದು ಚಿಪ್ಪಿನೊಳಗೆ ಬೆಳೆಯುವ ಹಂತವನ್ನು ಗುರುತಿಸಿದ ಮೇಲೆಯೇ ಅದರ ಬೇಸಾಯ ಭದ್ರವಾದದ್ದು. ನಾವು ಕಣ್ಣುಮುಚ್ಚಿ ಟಿಕ್ ಹಾಕುವ ಹಸಿ ಸಾಲ್ಮನ್, ನಾರ್ವೆಯವರು 1980ರ ದಶಕದಲ್ಲಿ ಪಟ್ಟು ಹಿಡಿದು ಜಪಾನಿಗೆ ಮಾರಿದ್ದು. ಬೆಣ್ಣೆಹಣ್ಣಿನ ಸುರುಳಿ ಅಮೆರಿಕದ ಪಶ್ಚಿಮ ಕರಾವಳಿಯದು. ಬೆಲ್ಟಿನ ಮೇಲೆ ತಟ್ಟೆ ಓಡಿಸುವ ಹೋಟೆಲನ್ನು 1958ರಲ್ಲಿ ಒಸಾಕಾ ಪಕ್ಕದಲ್ಲಿ ತೆರೆದ ಶಿರಾಯಿಶಿ ಯೊಶಿಅಕಿಗೆ ಆ ಯೋಚನೆ ಕೊಟ್ಟದ್ದು ಬಿಯರ್ ಕಾರ್ಖಾನೆ.

ನಮ್ಮಲ್ಲೂ ಇದೇ ದಾರಿ. 1983ರಲ್ಲಿ ಜಯನಗರದಲ್ಲಿ ‘ಕೆಫೆ ದರ್ಶಿನಿ’ ಶುರುವಾದಾಗ ಕುರ್ಚಿ ಹೋಯಿತು, ಸಪ್ಲೈಯರ್ ಹೋದ. ಟೋಕನ್ ತಗೊಂಡು, ತಟ್ಟೆ ಹಿಡಿದು, ನಿಂತು ತಿನ್ನೋದು. ಮಾಣಿಯ ಕೆಲಸವನ್ನು ಗಿರಾಕಿ ಮಾಡಿದ, ಅದಕ್ಕೆ ತಕ್ಕಂತೆ ಇಡ್ಲಿ ಅಗ್ಗವಾಯಿತು. ಕಟ್ಟಿಕೊಳ್ಳುವ ಸುಶಿಯಲ್ಲಿ ಬಾಣಸಿಗನ ಅರ್ಧ ತಲೆಬಿಸಿಯೂ ನಮ್ಮದೇ. ಬಿಲ್ಲು ಮಾತ್ರ ಇಳಿದಿಲ್ಲ!

ಜಪಾನು ನಮ್ಮ ಸೀಮೆಗೆ ಸುಶಿಯ ಜೊತೆ ಬಂದದ್ದಲ್ಲ ಅನ್ನೋದನ್ನೂ ಹೇಳಬೇಕು. ಮೊದಲು ಬಂದದ್ದು ರೇಷ್ಮೆಯ ಜೊತೆ. 1890ರ ದಶಕದಲ್ಲಿ ಜಮ್ಶೆಟ್‌ಜಿ ಟಾಟಾ ಜಪಾನಿ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ಮಾಡಿಸಿದರು. ಬಸವನಗುಡಿ ಕಡೆ ಆ ಹೆಸರು ಇನ್ನೂ ಇದೆ. ನೂರು ವರ್ಷದ ಮೇಲೆ, 1991ರಿಂದ, ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯ ಜೊತೆ ಜಪಾನಿನ ನೆರವು ಸಂಸ್ಥೆ ಜೈಕಾ ಕೈಜೋಡಿಸಿ ಬೈವೋಲ್ಟಿನ್ ಹುಳುವಿನ ಕೆಲಸ ನಡೆಸಿತು. ರಾಮನಗರದ ಮಾರುಕಟ್ಟೆಗೆ ಬರುವ ಬಿಳಿ ಗೂಡಿನ ಹಿಂದೆ ಆ ಕೆಲಸವೂ ಇದೆ. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿ, ಅದೇ ಸೀಮೆಯ ಬಿಡದಿಯಲ್ಲಿ ಕಾರ್ಖಾನೆ ಕಟ್ಟಿತು. ಎಂಜಿನಿಯರುಗಳು ಬಂದರು, ಸಂಸಾರಗಳು ಬಂದವು, ಅವರ ಊಟವೂ ಬಂತು. ತಟ್ಟೆ ಇಡ್ಲಿಯ ಬಿಡದಿ ಅದನ್ನೂ ಅರಗಿಸಿಕೊಂಡಿತು.

ನನಗೆ ಮುಖ್ಯ ಅನ್ನಿಸೋದು ಇದು. 1960ರ ಸುಮಾರಿಗೆ ಅಮೆರಿಕದಲ್ಲಿ ಹಸಿ ಮೀನು ಅಂದರೆ ಬಹಳ ಜನ ಮೂಗು ಮುರಿಯುತ್ತಿದ್ದರು. ಮುಂದಿನ ಇಪ್ಪತ್ತು ವರ್ಷದಲ್ಲಿ ಮೀನು ಬದಲಾಗಲಿಲ್ಲ. ಜಪಾನಿನ ಕಾರು, ಟಿವಿ, ವಾಕ್‌ಮನ್ ಮನೆಮನೆ ಹೊಕ್ಕವು, ಜಪಾನಿಗರ ಜೇಬು ತುಂಬಿತು. ತಿನ್ನುವವರ ಮರ್ಯಾದೆ ಏರಿದ ಹಾಗೆ ತಿನಿಸಿನ ಮರ್ಯಾದೆಯೂ ಏರಿತು. ರಾಗಿಯ ಕಥೆಯೂ ಇಷ್ಟೇ. ರಾಮನಗರದಿಂದ ಗೆದ್ದ ಎಚ್.ಡಿ. ದೇವೇಗೌಡರು 1996ರಲ್ಲಿ ಪ್ರಧಾನಿಯಾದಾಗ ದೆಹಲಿಗೆ ಮುದ್ದೆ ಅನ್ನೋ ಪದದ ಪರಿಚಯ ಆಯಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂದ ಮೇಲೆ ಅದೇ ರಾಗಿ ‘ಸೂಪರ್‌ಫುಡ್’ ಆಗಿ ಮಾಲಿನ ಶೆಲ್ಫು ಏರಿತು. ಆದರೆ ಆಫೀಸಿನ ಊಟದ ಹಾಲಿನಲ್ಲಿ ಡಬ್ಬಿಯಿಂದ ಮುದ್ದೆ ತೆಗೆದು, ಮುರಿದು, ಸಾರಿಗೆ ಅದ್ದಿ ನುಂಗೋಕೆ ನಮ್ಮ ಹುಡುಗರು ಇನ್ನೂ ಅತ್ತಿತ್ತ ನೋಡ್ತಾರೆ. ಚಾಪ್‌ಸ್ಟಿಕ್ ಹಿಡಿಯೋಕೆ ಮಾತ್ರ ಯೂಟ್ಯೂಬ್ ನೋಡಿ ಕಲೀತಾರೆ. ಶೆಲ್ಫಿನಲ್ಲಿರೋ ರಾಗಿಗೆ ಸಿಕ್ಕ ಮರ್ಯಾದೆ ಅದನ್ನ ಬೆಳೆದು ಉಂಡವರ ಕೈಗೆ ಇನ್ನೂ ಪೂರ್ತಿ ಸಿಕ್ಕಿಲ್ಲ.

ಸುಶಿ ತಿನ್ನಬೇಡಿ ಅಂತ ನಾನು ಹೇಳ್ತಿಲ್ಲ, ಧಾರಾಳವಾಗಿ ತಿನ್ನಿ. ಅದು ಹಳ್ಳಿಯಲ್ಲಿ ಹುಟ್ಟಿ, ಪಟ್ಟಣದ ಅವಸರಕ್ಕೆ ಒಗ್ಗಿದ, ಕೂಲಿಯವರ ಊಟ. ಒಂದರ್ಥದಲ್ಲಿ ನಮ್ಮ ನೆಂಟನೇ. ಚಾಪ್‌ಸ್ಟಿಕ್ ಜಾರಿದರೆ ನಾಚಬೇಡಿ, ಪಕ್ಕಕ್ಕಿಟ್ಟು ಕೈಯಲ್ಲೇ ಎತ್ತಿಕೊಳ್ಳಿ. ಜಪಾನಿನಲ್ಲಿ ಇವತ್ತಿಗೂ ಸುಶಿಯನ್ನು ಕೈಯಲ್ಲಿ ತಿನ್ನೋದು ತಪ್ಪಲ್ಲ.