ಶಿಶುವಿನ ಮಿದುಳಿನ ವಿಜ್ಞಾನ ಮತ್ತು ಮಕ್ಕಳ ಪಾಲನೆ: ಇತಿಹಾಸ

ಹುಟ್ಟಿದಂದಿನಿಂದ ಮೊದಲ ಕೆಲವು ವರ್ಷಗಳಲ್ಲಿ ಮಿದುಳು ಹೇಗೆ ಬೆಳೆಯುತ್ತದೆ ಎಂಬ ತಿಳಿವಳಿಕೆಯನ್ನು ಅನಾಥ, ಪರಿತ್ಯಕ್ತ ಹಾಗೂ ನಿರ್ಲಕ್ಷಿತ ಮಕ್ಕಳ ಪಾಲನೆಯಲ್ಲಿ ಬಳಸಿಕೊಳ್ಳುವ ಪ್ರಯತ್ನ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಬಲಗೊಂಡಿತು. ಮಗುವನ್ನು ಆಶ್ರಮದಲ್ಲಿ ಇಡಬೇಕೆ, ಸಾಕು ಕುಟುಂಬಕ್ಕೆ ಕೊಡಬೇಕೆ, ಹೆತ್ತವರಿಗೇ ಮರಳಿಸಬೇಕೆ ಎಂಬುದನ್ನು ಬಹುಕಾಲ ತೀರ್ಮಾನಿಸುತ್ತಿದ್ದುದು ದಾನಧರ್ಮದ ಭಾವನೆ, ಕಾನೂನು ಮತ್ತು ಆಡಳಿತದ ಅನುಕೂಲ. ಹಾಗೆಂದು ಮಗುವಿಗೆ ತನ್ನದೆನ್ನುವ ಒಬ್ಬರು ಬೇಕು ಎಂಬುದನ್ನು ಮಿದುಳಿನ ವಿಜ್ಞಾನವೇ ಕಂಡುಹಿಡಿಯಿತು ಎನ್ನಲಾಗದು; ಅದು ಮೊದಲೇ ಗೊತ್ತಿತ್ತು. ಯಾವಾಗ ಬೇಕು, ಎಷ್ಟು ತಡವಾದರೆ ಏನಾಗುತ್ತದೆ ಎಂಬುದಕ್ಕೆ ಪುರಾವೆ ಒದಗಿಸಿದ್ದೇ ಅದರ ನಿಜವಾದ ಕೊಡುಗೆ.

ಮೊದಲ ಸುಳಿವುಗಳು

1930ರ ದಶಕದಲ್ಲಿ ಅಮೆರಿಕದ ಅಯೋವಾ ರಾಜ್ಯದ ಮನಶ್ಶಾಸ್ತ್ರಜ್ಞ ಹೆರಾಲ್ಡ್ ಸ್ಕೀಲ್ಸ್, ಜನ ತುಂಬಿದ್ದ ಅನಾಥಾಲಯವೊಂದರಿಂದ ಮೂರು ವರ್ಷದೊಳಗಿನ 13 ಮಕ್ಕಳನ್ನು ವಿಚಿತ್ರವೆನಿಸುವ ಜಾಗಕ್ಕೆ ಕಳುಹಿಸಿದರು. ಅದು ಬುದ್ಧಿಮಾಂದ್ಯ ಸ್ತ್ರೀಯರ ವಸತಿಗೃಹ. ಅಲ್ಲಿನ ಹೆಂಗಸರೂ ಸಿಬ್ಬಂದಿಯೂ ಈ ಕೂಸುಗಳನ್ನು ಎತ್ತಿ ಆಡಿಸಿದರು, ಮುದ್ದಿಸಿದರು. ಮಕ್ಕಳ ಬುದ್ಧ್ಯಂಕ ಸರಾಸರಿ 28 ಅಂಕಗಳಷ್ಟು ಏರಿತು; ಅನಾಥಾಲಯದಲ್ಲೇ ಉಳಿದ 12 ಮಕ್ಕಳದು ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಬುದ್ಧಿ ಹುಟ್ಟಿನಿಂದ ಬರುವಂಥದು, ಬದಲಾಗದು ಎಂದು ನಂಬಿದ್ದ ಅಂದಿನ ಪಂಡಿತರು 1939ರಲ್ಲಿ ಪ್ರಕಟವಾದ ಈ ವರದಿಯನ್ನು ಲೇವಡಿ ಮಾಡಿದರು. 1966ರಲ್ಲಿ ಸ್ಕೀಲ್ಸ್ ಅದೇ ಮಕ್ಕಳನ್ನು ಹುಡುಕಿ ನೋಡಿದಾಗ ಆ 13 ಮಂದಿಯೂ ತಮ್ಮ ಕಾಲ ಮೇಲೆ ತಾವು ನಿಂತಿದ್ದರು.

ಈ ನಡುವೆ ರೆನೆ ಸ್ಪಿಟ್ಜ್ 1945ರಲ್ಲಿ ಎರಡು ಸಂಸ್ಥೆಗಳ ಶಿಶುಗಳನ್ನು ಹೋಲಿಸಿ ಬರೆದಿದ್ದರು. ಒಂದು ಸ್ವಚ್ಛವಾದ, ವೈದ್ಯಕೀಯ ಆರೈಕೆಯಿದ್ದ ಅನಾಥಾಲಯ. ಇನ್ನೊಂದು ಸೆರೆಮನೆಯ ಶಿಶುಗೃಹ. ಅಲ್ಲಿ ಕೈದಿ ತಾಯಂದಿರೇ ಕೂಸುಗಳನ್ನು ನೋಡಿಕೊಳ್ಳುತ್ತಿದ್ದರು. ಸೊರಗಿ ಹೋದದ್ದು ಅನಾಥಾಲಯದ ಮಕ್ಕಳು. 1951ರಲ್ಲಿ ಜಾನ್ ಬೋಲ್ಬಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿದ್ಧಪಡಿಸಿದ ವರದಿ ಈ ವಿಚಾರವನ್ನು ಸರ್ಕಾರಗಳ ಮೇಜಿನ ಮೇಲಿಟ್ಟಿತು. ಬೋಲ್ಬಿ ತಾಯಿಯೊಬ್ಬಳ ಮೇಲೆಯೇ ಅತಿಯಾಗಿ ಭಾರ ಹೊರಿಸಿದರೆಂಬ ಟೀಕೆ ಬಂತು. 1972ರಲ್ಲಿ ಮೈಕೆಲ್ ರಟ್ಟರ್ ಆ ವಾದವನ್ನು ಮರುಪರಿಶೀಲಿಸಿ, ಬಾಂಧವ್ಯ ತಾಯಿಯೊಬ್ಬಳೊಂದಿಗೇ ಬೆಳೆಯಬೇಕೆಂದಿಲ್ಲ ಎಂದು ತೋರಿಸಿದರು.

ಮಿದುಳಿನ ಕಡೆಗೆ

1960ರ ದಶಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಬೆಕ್ಕಿನ ಮರಿಯ ಒಂದು ಕಣ್ಣನ್ನು ಎಳವೆಯಲ್ಲಿ ಮುಚ್ಚಿಟ್ಟು, ನಂತರ ತೆರೆದರೂ ಮಿದುಳು ಆ ಕಣ್ಣಿನ ನೋಟವನ್ನು ಸರಿಯಾಗಿ ಸ್ವೀಕರಿಸದೆಂದು ಕಂಡುಕೊಂಡರು. ಅನುಭವ ಸಿಗಲೇಬೇಕಾದ ಒಂದು ಅವಧಿ ಇದೆ ಎಂಬುದಕ್ಕೆ ಇದು ಗಟ್ಟಿ ಆಧಾರವಾಯಿತು. ಎಳವೆಯಲ್ಲಿ ನರಸಂಪರ್ಕಗಳು ಅಗತ್ಯಕ್ಕಿಂತ ಹೆಚ್ಚಾಗಿ ಮೂಡಿ, ಬಳಿಕ ಕಡಿಮೆಯಾಗುತ್ತವೆ ಎಂಬುದನ್ನು ಪೀಟರ್ ಹಟ್ಟನ್‌ಲಾಕರ್ 1979ರಲ್ಲಿ ಮಾನವ ಮಿದುಳಿನಲ್ಲೇ ಎಣಿಸಿ ತೋರಿಸಿದರು.

ಇಲ್ಲಿಂದ ಉತ್ಸಾಹ ಹಾದಿ ತಪ್ಪಿದ್ದೂ ಉಂಟು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್, ಮಿದುಳು ಚುರುಕಾಗಲೆಂದು ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಹಂಚಲು ಹೊರಟರು. ಮೂರು ವರ್ಷಕ್ಕೆ ಮಿದುಳಿನ ಬಾಗಿಲು ಮುಚ್ಚುತ್ತದೆಂಬ ಜನಪ್ರಿಯ ನಂಬಿಕೆಯನ್ನು ಜಾನ್ ಬ್ರೂಯರ್ 1999ರ ತಮ್ಮ ಪುಸ್ತಕದಲ್ಲಿ ಖಂಡಿಸಿದರು. ಸಾಮಾನ್ಯ ಮನೆಯ ಮಗುವಿಗೆ ಬೇಕಾದ ಅನುಭವ ದಿನನಿತ್ಯದ ಬಾಳಿನಲ್ಲೇ ಸಿಗುತ್ತದೆ. ವಿಶೇಷ ಸಂಗೀತ ಕೇಳಿಸಿದ್ದರಿಂದ ಮಗು ಜಾಣವಾಗುವುದಿಲ್ಲ. ಆದರೆ ಯಾರೂ ಮಾತಾಡಿಸದೆ ಬಿಟ್ಟರೆ ಮಂಕಾಗುತ್ತದೆ. ಈ ಎರಡನ್ನೂ ಬೇರ್ಪಡಿಸಿ ನೋಡಲು ಮುಂದೆ ರೊಮೇನಿಯದ ಬುಕಾರೆಸ್ಟ್‌ನಲ್ಲಿ ನಡೆದ ಅಧ್ಯಯನ ನೆರವಾಯಿತು.

ಬುಕಾರೆಸ್ಟ್ ಅಧ್ಯಯನ

ರೊಮೇನಿಯದಲ್ಲಿ ಚೌಷೆಸ್ಕು ಸರ್ಕಾರ 1966ರಲ್ಲಿ ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿ ಜನಸಂಖ್ಯೆ ಹೆಚ್ಚಿಸಲು ಹೊರಟಿತು. ಸಾಕಲಾಗದ ಬಡವರು ಮಕ್ಕಳನ್ನು ಸರ್ಕಾರಿ ಆಶ್ರಮಗಳಿಗೆ ಬಿಟ್ಟರು. 1989ರ ಡಿಸೆಂಬರ್‌ನಲ್ಲಿ ಆ ಸರ್ಕಾರ ಉರುಳಿದಾಗ ಅಂಥ ಮಕ್ಕಳು ಲಕ್ಷಕ್ಕೂ ಹೆಚ್ಚು ಇದ್ದರು. ತೊಟ್ಟಿಲುಗಳ ಸಾಲು, ಪಾಳಿಯ ಮೇಲೆ ಬದಲಾಗುವ ಆಯಾಗಳು, ಗಂಟೆ ನೋಡಿ ಹಾಲು. ಭೇಟಿಯಿತ್ತವರನ್ನು ಬೆಚ್ಚಿಸಿದ್ದು ಶಿಶುಗಳ ಕೋಣೆಯ ಮೌನ: ಅತ್ತರೂ ಯಾರೂ ಬರುವುದಿಲ್ಲವೆಂದು ಗೊತ್ತಾದ ಕೂಸು ಅಳುವುದನ್ನೇ ಬಿಡುತ್ತದೆ.

2000ದಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಜೀನಾ ಬುಕಾರೆಸ್ಟ್‌ನಲ್ಲಿ ಅಧ್ಯಯನ ಆರಂಭಿಸಿದರು. ಆರು ಆಶ್ರಮಗಳ 136 ಮಕ್ಕಳಲ್ಲಿ 68 ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ, ತರಬೇತಿ ಪಡೆದ ಸಾಕು ಕುಟುಂಬಗಳಿಗೆ ಕೊಟ್ಟರು; ಉಳಿದವರ ಪಾಲನೆ ಎಂದಿನಂತೆ ಮುಂದುವರಿಯಿತು. ಹೋಲಿಕೆಗೆ ನಗರದ ಮನೆಗಳಲ್ಲೇ ಬೆಳೆದ 72 ಮಕ್ಕಳಿದ್ದರು. ಹೀಗೆ ಮಕ್ಕಳ ಹಣೆಬರಹವನ್ನು ಚೀಟಿಗೆ ಬಿಡುವುದು ಸರಿಯೆ? ಆಗ ಆ ನಗರದಲ್ಲಿ ಸಾಕು ಕುಟುಂಬಗಳೇ ವಿರಳವಾಗಿದ್ದವು, ಆಶ್ರಮವೇ ಸಾಕೆಂಬ ನಂಬಿಕೆ ಅಧಿಕಾರಿಗಳಲ್ಲಿ ಬಲವಾಗಿತ್ತು ಎಂಬುದು ಸಂಶೋಧಕರ ಸಮರ್ಥನೆ. ಆಶ್ರಮದಲ್ಲಿ ಉಳಿದ ಮಗುವಿಗೆ ಬೇರೆ ಕುಟುಂಬ ಸಿಕ್ಕರೆ ಅಧ್ಯಯನ ಅದನ್ನು ತಡೆಯುವಂತಿರಲಿಲ್ಲ. ಆದರೂ ಈ ಪ್ರಶ್ನೆ ಅಧ್ಯಯನದ ಬೆನ್ನು ಬಿಟ್ಟಿಲ್ಲ, ಬಿಡಬೇಕಾದದ್ದೂ ಅಲ್ಲ.

2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ, ನಾಲ್ಕೂವರೆ ವರ್ಷದ ಹೊತ್ತಿಗೆ ಆಶ್ರಮದ ಗುಂಪಿನ ಸರಾಸರಿ ಬುದ್ಧ್ಯಂಕ ಸುಮಾರು 73, ಸಾಕು ಕುಟುಂಬದವರದು 81, ಸ್ವಂತ ಮನೆಯ ಮಕ್ಕಳದು 109. ಸಾಕು ಕುಟುಂಬ ನೆರವಾದದ್ದು ನಿಜ. ಕಂದರ ತುಂಬಲಿಲ್ಲವೆಂಬುದೂ ಅಷ್ಟೇ ನಿಜ. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದ ಮಕ್ಕಳು ಹೆಚ್ಚು ಚೇತರಿಸಿಕೊಂಡರು. ಎಂಟನೆಯ ವಯಸ್ಸಿನಲ್ಲಿ ಮಿದುಳಿನ ವಿದ್ಯುತ್ ಚಟುವಟಿಕೆ ಅಳೆದಾಗಲೂ ಅಂಥವರದು ಮನೆಯಲ್ಲೇ ಬೆಳೆದವರದನ್ನು ಹೋಲುತ್ತಿತ್ತು. ರೊಮೇನಿಯದಿಂದ ಬ್ರಿಟನ್ನಿಗೆ ದತ್ತು ಹೋದವರನ್ನು ರಟ್ಟರ್ ಮತ್ತು ಸಂಗಡಿಗರು ದೀರ್ಘಕಾಲ ಹಿಂಬಾಲಿಸಿದ ಅಧ್ಯಯನದಲ್ಲಿ, ಅವರು ಪ್ರಾಯಕ್ಕೆ ಬಂದ ಮೇಲೂ ಮಿದುಳಿನ ಗಾತ್ರ ಸರಾಸರಿ 8.6% ಕಡಿಮೆ ಇತ್ತು ಎಂಬುದು 2020ರಲ್ಲಿ ಪ್ರಕಟವಾಯಿತು.

ರೊಮೇನಿಯದ 2004ರ ಮಕ್ಕಳ ಹಕ್ಕುಗಳ ಕಾಯ್ದೆ ಎರಡು ವರ್ಷದೊಳಗಿನ ಮಕ್ಕಳನ್ನು, ತೀವ್ರ ಅಂಗವೈಕಲ್ಯದ ಸಂದರ್ಭ ಬಿಟ್ಟರೆ, ಆಶ್ರಮಕ್ಕೆ ಸೇರಿಸುವುದನ್ನು ನಿಷೇಧಿಸಿತು. ಆ ದೇಶ ಐರೋಪ್ಯ ಒಕ್ಕೂಟ ಸೇರಲು ಹವಣಿಸುತ್ತಿದ್ದುದೂ ಇದಕ್ಕೆ ಒತ್ತಾಸೆಯಾಗಿತ್ತು. ಮೂರು ವರ್ಷದೊಳಗಿನವರಿಗೆ ಕುಟುಂಬದ ಆಸರೆಯೇ ಬೇಕೆಂಬ ಸೂತ್ರವನ್ನು ವಿಶ್ವಸಂಸ್ಥೆಯ 2009ರ ಮಾರ್ಗಸೂಚಿಯೂ ಒಪ್ಪಿತು.

ನ್ಯಾಯಾಲಯ, ಮನೆ ಮತ್ತು ಟೀಕೆ

ಅಮೆರಿಕದಲ್ಲಿ ಈ ತಿಳಿವಳಿಕೆ ನ್ಯಾಯಾಲಯದ ಒಳಗೆ ಬಂತು. ಮಯಾಮಿಯ ನ್ಯಾಯಾಧೀಶೆ ಸಿಂಡಿ ಲೆಡರ್‌ಮನ್ ಶಿಶು ಮನಶ್ಶಾಸ್ತ್ರಜ್ಞರ ಜತೆ ಸೇರಿ, ಕೂಸುಗಳ ಪ್ರಕರಣಗಳಲ್ಲಿ ತಾಯಿ–ಮಗುವಿನ ಬಾಂಧವ್ಯಕ್ಕೆ ಚಿಕಿತ್ಸೆ ಕೊಡಿಸುವ ಪದ್ಧತಿ ತಂದರು. ಡೆಲವೇರ್ ವಿಶ್ವವಿದ್ಯಾಲಯದ ಮೇರಿ ಡೋಜಿಯರ್ ಹತ್ತು ಮನೆಭೇಟಿಗಳ ತರಬೇತಿಯೊಂದನ್ನು ರೂಪಿಸಿದರು. ಮುಟ್ಟಿದರೆ ದೂರ ತಳ್ಳುವ ಮಗುವಿಗೂ ಅಪ್ಪುಗೆ ಬೇಕೆಂಬುದನ್ನು ಸಾಕುವವರಿಗೆ ಅಲ್ಲಿ ಕಲಿಸಲಾಗುತ್ತದೆ. ಹೀಗೆ ಕಲಿತವರ ಆರೈಕೆಯಲ್ಲಿದ್ದ ಮಕ್ಕಳಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್‌ನ ದೈನಿಕ ಏರಿಳಿತ ಸಹಜ ಲಯಕ್ಕೆ ಹತ್ತಿರವಾದದ್ದು ಕಂಡುಬಂತು.

ಬ್ರಿಟನ್ನಿನಲ್ಲಿ ವಿರೋಧ ಕೇಳಿಸಿತು. ಸಂಸದ ಗ್ರಹಾಂ ಅಲೆನ್ 2011ರಲ್ಲಿ ಸರ್ಕಾರಕ್ಕೆ ಸಲ್ಲಿಸಿದ ವರದಿಯ ಮುಖಪುಟದಲ್ಲಿ ಸಾಮಾನ್ಯ ಮಗುವಿನ ಮಿದುಳಿನ ಪಕ್ಕ ತೀವ್ರ ನಿರ್ಲಕ್ಷ್ಯಕ್ಕೊಳಗಾದ ಮಗುವಿನ ಕುಗ್ಗಿದ ಮಿದುಳಿನ ಚಿತ್ರವಿತ್ತು. ಅತಿ ವಿರಳ ಪ್ರಕರಣವೊಂದರ ಚಿತ್ರ ತೋರಿಸಿ ಎಲ್ಲ ಬಡ ಹೆತ್ತವರನ್ನೂ ಅನುಮಾನದಿಂದ ನೋಡುವುದು ತಪ್ಪೆಂದು ಡೇವಿಡ್ ವಾಸ್ಟೆಲ್ ಮತ್ತು ಸೂ ವೈಟ್ 2012ರಲ್ಲಿ ವಾದಿಸಿದರು. ಆಕ್ಷೇಪ ನ್ಯಾಯವಾದದ್ದೇ. ಆಶ್ರಮದಿಂದ ಮಗುವನ್ನು ಬಿಡಿಸಲು ಬಂದ ವಿಜ್ಞಾನವನ್ನು ತಾಯಿಯಿಂದ ಮಗುವನ್ನು ಕಿತ್ತುಕೊಳ್ಳಲೂ ಬಳಸಬಹುದು.

ಭಾರತದಲ್ಲಿ

1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಮೂರು ವರ್ಷ ದಾಟಿದವರಿಗೆ. ಅದಕ್ಕಿಂತ ಚಿಕ್ಕವರ ಪಾಲಿಗೆ ಯೋಜನೆ ಬಹುಕಾಲ ಪೌಷ್ಟಿಕ ಆಹಾರ, ಲಸಿಕೆ ಮತ್ತು ತೂಕದ ಲೆಕ್ಕವೇ ಆಗಿತ್ತು. ಮೂರರೊಳಗಿನವರ ಆಟ–ಮಾತುಗಳಿಗೆ 'ನವಚೇತನ' ಎಂಬ ರಾಷ್ಟ್ರೀಯ ಚೌಕಟ್ಟು ಬಂದದ್ದು 2024ರಲ್ಲಿ. ಸಂಕಷ್ಟದಲ್ಲಿರುವ ಮಕ್ಕಳ ಜತೆ ಕೆಲಸ ಮಾಡುವವರಿಗೆ ತರಬೇತಿ ನೀಡುವ ಕೇಂದ್ರ ಸರ್ಕಾರದ 'ಸಂವಾದ' ಕಾರ್ಯಕ್ರಮದ ನೆಲೆ ಬೆಂಗಳೂರಿನ ನಿಮ್ಹಾನ್ಸ್.

2015ರ ಬಾಲನ್ಯಾಯ ಕಾಯ್ದೆ ಮಗುವಿನ ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ. ಅನಾಥ ಅಥವಾ ಪರಿತ್ಯಕ್ತ ಮಗು ಎರಡು ವರ್ಷದೊಳಗಿನದಾದರೆ ಎರಡು ತಿಂಗಳಲ್ಲಿ, ದೊಡ್ಡದಾದರೆ ನಾಲ್ಕು ತಿಂಗಳಲ್ಲಿ, ದತ್ತಿಗೆ ಮುಕ್ತವೆಂದು ಮಕ್ಕಳ ಕಲ್ಯಾಣ ಸಮಿತಿ ಘೋಷಿಸಬೇಕು. ನ್ಯಾಯಾಲಯಗಳಲ್ಲಿ ತಡವಾಗುತ್ತಿದ್ದ ದತ್ತು ಆದೇಶದ ಅಧಿಕಾರವನ್ನು 2021ರ ತಿದ್ದುಪಡಿ ಜಿಲ್ಲಾ ದಂಡಾಧಿಕಾರಿಗೆ ವಹಿಸಿತು. ಹೆತ್ತವರು ಬದುಕಿದ್ದೂ ಸಾಕಲಾಗದ ಕೂಸಿಗೆ ಈ ದಾರಿ ಸುಲಭವಾಗಿ ತೆರೆಯದು. ಅದಕ್ಕೆ ಬೇಕಾದ ಸಾಕು ಕುಟುಂಬದ ವ್ಯವಸ್ಥೆ ಕಾಯ್ದೆಯಲ್ಲಿದ್ದರೂ ಬಳಕೆಯಲ್ಲಿ ಇನ್ನೂ ವಿರಳ.